ನನ್ನದೇ ಒಂದು ಐಪಿ

ನಮ್ಮ ಕಡೆ ಐಪಿ ಅಂದರೆ ಒಂದೇ ಅರ್ಥ. ಗದ್ದೆಗೆ ನೀರೆತ್ತುವ ಮೋಟರಿಗೆ ಕರೆಂಟ್ ಆಫೀಸಿನವರು ಕೊಡುವ ಸಂಪರ್ಕ, ಅದರ ನಂಬರು, ಅದು ಯಾರ ಹೆಸರಿನಲ್ಲಿದೆ ಎನ್ನುವ ಕಾಗದ, ಎಲ್ಲ ಸೇರಿ ಐಪಿ. ಆ ಎರಡಕ್ಷರದ ಹಿಂದಿರುವ ಇಂಗ್ಲಿಷು ಯಾರಿಗೂ ಬೇಕಾಗಿಲ್ಲ. ಯಾವುದಾದರೂ ಮನೆಯವರು ಐಪಿ ಬೇರೆ ಮಾಡಿಕೊಂಡರಂತೆ ಅನ್ನುವ ಸುದ್ದಿ ಬಂದರೆ, ಒಲೆ ಬೇರೆಯಾಗುವುದು ಇನ್ನು ದೂರವಿಲ್ಲ ಅಂತ ತಿಳಿದುಕೊಳ್ಳಬೇಕು. ಗದ್ದೆಯ ಬದಿಯಲ್ಲೇ ಬೆಳೆದ ನನಗೆ ಇದೆಲ್ಲ ಚೆನ್ನಾಗಿ ಗೊತ್ತಿತ್ತು. ಆದರೂ ಮದ್ದೂರಿನಲ್ಲಿ ಇಪ್ಪತ್ತು ವರ್ಷ ಸಂಸಾರ ಮಾಡಿದ ಮೇಲೆ ಅದನ್ನು ಮರೆತು ಬಾಯಿ ಬಿಟ್ಟೆ.

ನಾನು ಮನೆಯಲ್ಲೇ ಕೂತು ಕರಡು ತಿದ್ದುವವಳು. ಮಕ್ಕಳ ಪುಸ್ತಕ ಮಾಡುವ ಒಂದು ಪ್ರಕಾಶನದವರು ಪುಟಗಳನ್ನು ತಮ್ಮ ವೆಬ್‌ಸೈಟಿಗೆ ಹಾಕುತ್ತಾರೆ. ನಾನು ಅದರೊಳಗೆ ಹೋಗಿ ದೀರ್ಘ, ಒತ್ತಕ್ಷರ, ಅಲ್ಪಪ್ರಾಣ, ಮಹಾಪ್ರಾಣ ಎಲ್ಲ ನೋಡಿ ಸರಿ ಮಾಡುತ್ತೇನೆ. ಇನ್ನೊಬ್ಬರ ತಪ್ಪು ಹಿಡಿಯುವುದೇ ಕೆಲಸವಾದವಳ ಸ್ವಭಾವ ಹೇಗಿರುತ್ತದೆ ಅನ್ನುವುದನ್ನು ನನ್ನ ಗಂಡನ ಹತ್ತಿರ ಕೇಳಬೇಕು.

ಒಂದು ಸೋಮವಾರ ಬೆಳಿಗ್ಗೆ ಆ ವೆಬ್‌ಸೈಟು ನನ್ನನ್ನು ಒಳಗೆ ಬಿಡಲಿಲ್ಲ. ನಿಮ್ಮ ಐಪಿ ವಿಳಾಸದಿಂದ ದುರ್ಬಳಕೆ ಕಂಡುಬಂದಿರುವುದರಿಂದ ಪ್ರವೇಶವನ್ನು ತಡೆಹಿಡಿಯಲಾಗಿದೆ ಅಂತ ಒಂದು ಸಾಲು ಬಂತು. ಒಂದು ಕೊಂಬು ಹೆಚ್ಚು ಕಡಿಮೆಯಾದರೆ ನಿದ್ದೆಗೆಡುವ ನಾನು ದುರ್ಬಳಕೆ ಮಾಡಿದ್ದೇನಂತೆ. ಮೈಯೆಲ್ಲ ಉರಿಯಿತು. ಪ್ರಕಾಶನದವರಿಗೆ ಫೋನು ಮಾಡಿದರೆ, ಮನೆಯ ಇಂಟರ್ನೆಟ್ ಡಬ್ಬಿಯನ್ನು ಆರಿಸಿ ಸ್ವಲ್ಪ ಹೊತ್ತು ಬಿಟ್ಟು ಹಾಕಿ, ಹೊಸ ನಂಬರು ಬರಬಹುದು ಅಂದರು. ಆರಿಸಿದೆ. ಉಪ್ಸಾರು ಕುದಿಸಿ, ಮುದ್ದೆ ತಿರುವಿ, ಉಂಡು, ಪಾತ್ರೆ ತೊಳೆದು ಆಮೇಲೆ ಹಾಕಿದೆ. ಮತ್ತೆ ಅದೇ ಸಾಲು ಬಂತು. ಸಂಜೆಯವರೆಗೂ ಆರಿಸಿಟ್ಟು ನೋಡಿದೆ. ಡಬ್ಬಿಗೆ ವಿಶ್ರಾಂತಿ ಸಿಕ್ಕಿತೇ ಹೊರತು ನನಗೆ ನಂಬರು ಸಿಗಲಿಲ್ಲ.

ಮಾರನೆಯ ದಿನ ಪೇಟೆಯಲ್ಲಿರುವ ಇಂಟರ್ನೆಟ್‌ನವರ ಆಫೀಸಿಗೆ ಹೋದೆ. ಕೌಂಟರಿನಲ್ಲಿ ಹೆಚ್ಚುಕಡಿಮೆ ನನ್ನ ವಯಸ್ಸಿನ ಹೆಂಗಸು ಕೂತಿದ್ದರು.

"ನಿಮ್ಮನೇಗೆ ಅಂತ ಬೇರೆ ಐಪಿ ಇಲ್ಲ ಮೇಡಂ," ಅಂದರು. "ಆ ಕಡೆ ಮನೆಗಳಿಗೆಲ್ಲ ಸೇರಿ ಹೊರಗಡೆಗೆ ಕಾಣೋದು ಒಂದೇ ನಂಬರು. ಅದ್ರಲ್ಲಿ ಯಾರೋ ಏನೋ ಮಾಡವ್ರೆ."

"ಯಾರು?"

"ಅದು ಹೊರಗಿನೋರಿಗೆ ಹೆಂಗೆ ಗೊತ್ತಾಗುತ್ತೆ? ಎಲ್ಲಾರ್ದೂ ಒಂದೇ ನಂಬರಲ್ವಾ."

ಮಾಡಿದ್ದುಣ್ಣೋ ಮಹಾರಾಯ ಅನ್ನುತ್ತಾರೆ. ಇಲ್ಲಿ ಯಾರೋ ಮಾಡಿದ್ದನ್ನು ನಾನು ಉಣ್ಣುತ್ತಿದ್ದೆ. ನನಗೆ ನನ್ನದೇ ನಂಬರು ಬೇಕು ಅಂದೆ. ಹಾಗಾದರೆ ಪಬ್ಲಿಕ್ ಐಪಿ ತೆಗೆದುಕೊಳ್ಳಬೇಕು ಅಂದರು. ಪಬ್ಲಿಕ್ಕಿನ ಸಹವಾಸ ಸಾಕಾಗಿಯೇ ಬಂದಿದ್ದೇನೆ, ನನಗೊಬ್ಬಳಿಗೇ ಸೇರಿದ್ದು ಕೊಡಿ ಅಂದೆ.

"ಅದೇ ಮೇಡಂ ನಾನೂ ಹೇಳ್ತಿರೋದು. ಈಗ ನಿಮ್ಮತ್ರ ಇರೋದು ಪ್ರೈವೇಟು. ಅದಕ್ಕೇ ಎಲ್ಲಾರ ಜೊತೆ ಹೋಗ್ಬೇಕು. ಪಬ್ಲಿಕ್ ಅಂದ್ರೆ ನಿಮ್ಮೊಬ್ಬರದೇ."

ಹೀಗೆ ತಲೆಕೆಳಗಾದ ಪದಗಳನ್ನು ಕಂಡರೆ ನನ್ನ ಕೈ ಕೆಂಪು ಪೆನ್ನು ಹುಡುಕುತ್ತದೆ. ಆದರೆ ಆಕೆ ಎರಡೂ ಮಾತನ್ನು ಬೇಸರವಿಲ್ಲದೆ ಮತ್ತೊಮ್ಮೆ ಹೇಳಿ, ಒಂದು ಅರ್ಜಿ ಕೊಟ್ಟು, ಆಧಾರ್ ಕಾಪಿ ತನ್ನಿ ಅಂದರು. ಅರ್ಜಿಯ ಕೊನೆಯಲ್ಲಿ ಕಾರಣ ಅಂತ ಒಂದು ಗೆರೆ ಇತ್ತು. 'ಇನ್ನೊಬ್ಬರೊಂದಿಗೆ ಹಂಚಿಕೊಳ್ಳಲು ಇಷ್ಟವಿಲ್ಲ' ಎಂದು ಬರೆದೆ. ಬರೆದ ಮೇಲೆ ಪೆನ್ನು ಹಿಡಿದುಕೊಂಡೇ ಅದನ್ನು ನೋಡಿದೆ. ಅಷ್ಟು ಸಲೀಸಾಗಿ ಆ ಮಾತನ್ನು ನಾನು ಜನ್ಮದಲ್ಲಿ ಎಲ್ಲೂ ಹೇಳಿದವಳಲ್ಲ.

ಹೇಳಬೇಕಾಗಿದ್ದ ಜಾಗ ಬೇರೆ ಇತ್ತು. ನನ್ನ ತವರು ಕಿರುಗಾವಲಿನ ಹತ್ತಿರ. ಅಲ್ಲಿ ನಾಲೆಯ ನೀರು ಬಂದರೆ ಬಂತು, ಇಲ್ಲದಿದ್ದರೆ ಬೋರ್‌ವೆಲ್ಲೇ ಗತಿ. ನಾವಿರುವುದು ಇಬ್ಬರು, ನಾನು ಮತ್ತು ನನಗಿಂತ ನಾಲ್ಕು ವರ್ಷಕ್ಕೆ ಚಿಕ್ಕವನಾದ ತಮ್ಮ. ಅಪ್ಪ ಬದುಕಿದ್ದಾಗ ಒಂದು ದಿನ ಗದ್ದೆಗಳ ನಡುವಿನ ತೆವರಿನ ಮೇಲೆ ನಿಂತು, "ಇಲ್ಲಿಂದಾಚೆದು ಮಗಳಿಗೆ" ಅಂದಿದ್ದರು. ಬೋರ್‌ವೆಲ್ ಇರುವುದು ಆ ಆಚೆಯ ತುಂಡಿನಲ್ಲೇ. ಬಾಯಿಮಾತು ಅಷ್ಟೇ, ಬರೆದಿಡಲಿಲ್ಲ. ಅಪ್ಪ ಹೋಗಿ ಆರು ವರ್ಷವಾದರೂ ಐಪಿ ಅವರ ಹೆಸರಿನಲ್ಲೇ ಇತ್ತು. ಎಲ್ಲವನ್ನೂ ತಮ್ಮನೇ ಉಳುತ್ತಿದ್ದ. ವರ್ಷ ವರ್ಷ ತಪ್ಪದೆ ನನಗೆ ಅಕ್ಕಿ ಮೂಟೆ ಬರುತ್ತಿತ್ತು. ಕಾಲ ಬಂದಾಗ ಅವರೆಕಾಯಿ ಬರುತ್ತಿತ್ತು.

ನಾನು ಆ ತುಂಡನ್ನು ಕೇಳಿರಲಿಲ್ಲ. ಕಾನೂನು ಹೆಣ್ಣುಮಕ್ಕಳ ಕಡೆಗಿದೆ ಅನ್ನುವುದು ನನಗೂ ಗೊತ್ತು. ಆದರೆ ನಮ್ಮ ಕಡೆ ಪಾಲು ಕೇಳಿದ ಮಗಳಿಗೆ ಪಾಲು ಸಿಗುತ್ತದೆ, ಮನೆ ಹೋಗುತ್ತದೆ. ಬರಬೇಡ ಅಂತ ಯಾರೂ ಅನ್ನುವುದಿಲ್ಲ. ಕರೆಯುವುದನ್ನು ಬಿಡುತ್ತಾರೆ, ಅಷ್ಟೇ. ನನಗೆ ಆ ತುಂಡು ಬೇಕಾಗಿತ್ತು, ಸುಳ್ಳು ಯಾಕೆ ಹೇಳಲಿ. ಅದರಲ್ಲಿ ಬೆಳೆದು ಉಣ್ಣಬೇಕಾದ ಗತಿ ನನಗಿರಲಿಲ್ಲ. ಅಪ್ಪ ಆಡಿದ ಮಾತನ್ನು ಅಪ್ಪನ ನಂತರ ಒಬ್ಬರೂ ಆಡಲಿಲ್ಲವಲ್ಲ, ನಾನು ಬಾಯಿ ಬಿಡದೆ ಬಿಟ್ಟುಕೊಡುತ್ತೇನೆ ಅಂತ ಎಲ್ಲರೂ ಅಂದುಕೊಂಡರಲ್ಲ, ಅದು ಒಳಗೆ ಚುಚ್ಚುತ್ತಿತ್ತು. ಆದರೆ ತಮ್ಮನನ್ನು ಕಳೆದುಕೊಂಡು ಅದನ್ನು ಪಡೆಯುವ ಧೈರ್ಯ ನನಗಿರಲಿಲ್ಲ.

ಅರ್ಜಿ ಕೊಟ್ಟ ಎರಡು ವಾರಕ್ಕೆ ಪಿತೃಪಕ್ಷ ಬಂತು. ಹಿರಿಯರಿಗೆ ಎಡೆ ಇಡುವ ದಿನ ತಮ್ಮನ ಮನೆಗೆ ಹೋದೆ. ತಮ್ಮನ ಹೆಂಡತಿ ಬೆಳಗಿನಿಂದ ಒಲೆಯ ಮುಂದೆ ನಿಂತು ಅಪ್ಪನಿಗೆ ಇಷ್ಟವಾದುದನ್ನೆಲ್ಲ ಮಾಡಿದ್ದಳು. ಎಲೆ ಹಾಕಿ, ಹೊಸ ಪಂಚೆ ಇಟ್ಟು, ಧೂಪ ಹಾಕಿ ಎಲ್ಲರೂ ಕೈಮುಗಿದೆವು. ಅಪ್ಪ ಬಂದು ಉಂಡು ಹೋಗಲಿ ಅಂತ ಬಾಗಿಲು ಎಳೆದುಕೊಂಡು ಹೊರಗೆ ಬಂದು ನಿಂತಾಗ ನನಗೆ ಫೋನು ಬಂತು. ಇಂಟರ್ನೆಟ್ ಆಫೀಸಿನ ಆಕೆ. ಇನ್ನೂ ಸ್ವಲ್ಪ ದಿನ ಆಗುತ್ತದೆ, ಅಲ್ಲಿಯವರೆಗೆ ಹೇಗೋ ಇದರಲ್ಲೇ ಹೊಂದಿಸಿಕೊಳ್ಳಿ ಅಂದರು. ಆ ಹೊತ್ತಿಗೆ ನನ್ನ ಎರಡು ಪುಸ್ತಕದ ಕೆಲಸ ಬೇರೆಯವರ ಪಾಲಾಗಿತ್ತು. ಸಿಗ್ನಲ್ ಬೇರೆ ಸರಿಯಾಗಿ ಸಿಗುತ್ತಿರಲಿಲ್ಲ. ಜಗಲಿಯ ತುದಿಗೆ ಹೋಗಿ ಕೂಗಿ ಕೂಗಿ ಹೇಳಿದೆ.

"ಇನ್ನೊಬ್ಬರ ಜೊತೆ ಹೊಂದಿಸ್ಕೊಂಡು ಹೊಂದಿಸ್ಕೊಂಡು ನಂಗೆ ಸಾಕಾಗಿದೆ ಕಣ್ರೀ. ಅರ್ಜಿ ಕೊಟ್ಟಿದ್ದೀನಿ, ಆಧಾರ್ ಕೊಟ್ಟಿದ್ದೀನಿ. ನನ್ನ ಐಪಿ ನಂಗೆ ಬೇಕು. ನನ್ನ ಹೆಸರಲ್ಲೇ ಆಗ್ಬೇಕು. ಇಷ್ಟು ದಿನ ಸುಮ್ನಿದ್ದಿದ್ದೇ ನನ್ನ ತಪ್ಪು."

ತಿರುಗಿ ನೋಡಿದಾಗ ತಮ್ಮ ತೊಟ್ಟಿಯ ಹತ್ತಿರ ಚೊಂಬು ಹಿಡಿದುಕೊಂಡು ನಿಂತಿದ್ದ. ನನಗೆ ಏನೂ ಹೊಳೆಯಲಿಲ್ಲ. ಊಟಕ್ಕೆ ಕೂತಾಗ ಅವನು ನನ್ನ ಎಲೆಗೆ ತಾನೇ ಬಡಿಸಿದ, ಬೇಡ ಅಂದರೂ ಇನ್ನೊಂದು ಸೌಟು ಹಾಕಿದ. ಬಸ್ಸು ಹತ್ತಿಸಲು ಬಂದವನು ದಾರಿಯುದ್ದಕ್ಕೂ ಮಾತಾಡಲಿಲ್ಲ. ಅಪ್ಪನ ನೆನಪಾಗಿರಬೇಕು ಅಂದುಕೊಂಡೆ.

ಒಂದು ವಾರಕ್ಕೆ ನನ್ನ ನಂಬರು ಬಂತು. ಚುಕ್ಕಿ ಇಟ್ಟು ಬಿಡಿಸಿದ ನಾಲ್ಕು ಸಂಖ್ಯೆಗಳ ಒಂದು ಸಾಲು. ವೆಬ್‌ಸೈಟು ಏನೂ ನಡೆದೇ ಇಲ್ಲ ಅನ್ನುವ ಹಾಗೆ ಬಾಗಿಲು ತೆರೆಯಿತು. ನನಗೆ ಖುಷಿಯಾಯಿತು, ಆದರೆ ಅಂದುಕೊಂಡಷ್ಟು ಆಗಲಿಲ್ಲ. ಅಷ್ಟು ದಿನ ಬೀದಿಯಲ್ಲಿ ಹೋಗುವಾಗ ಈ ಮನೆಯವರೇ ಮಾಡಿರಬೇಕು, ಆ ಮನೆಯವರೇ ಇರಬೇಕು ಅಂತ ಒಂದೊಂದು ಬಾಗಿಲನ್ನೂ ಅನುಮಾನದಿಂದ ನೋಡಿದ್ದೆ. ಅವರಲ್ಲಿ ಎಷ್ಟು ಜನ ಇನ್ನೂ ಹಳೆಯ ನಂಬರಿನಲ್ಲೇ ಇದ್ದು ಯಾವ ಯಾವ ಬಾಗಿಲಲ್ಲಿ ಬೈಸಿಕೊಳ್ಳುತ್ತಿದ್ದರೋ. ನಾನು ನನ್ನಷ್ಟಕ್ಕೆ ಬಿಡಿಸಿಕೊಂಡು ಬಂದಿದ್ದೆ. ಇನ್ನು ಮೇಲೆ ದುರ್ಬಳಕೆ ಅಂತ ಬಂದರೆ ಅದು ನಾನೇ ಅಂತ ಎಲ್ಲರಿಗೂ ಗೊತ್ತಾಗುತ್ತದೆ.

ಅದಾದ ನಾಲ್ಕನೆಯ ದಿನ ತಮ್ಮ ಬಂದ. ಅವನು ಹಾಗೆಲ್ಲ ಹೇಳದೆ ಬರುವವನಲ್ಲ. ಮಳವಳ್ಳಿಯಲ್ಲಿ ಇಳಿದು, ಅಲ್ಲಿ ಏನೋ ಕೆಲಸ ಮುಗಿಸಿ, ಮದ್ದೂರಿನ ಬಸ್ಸು ಹಿಡಿದು ಬಂದಿದ್ದ. ಒಗೆದ ಬಿಳಿ ಅಂಗಿ ಹಾಕಿದ್ದ. ನೀರು ಕುಡಿದ. ಚೀಲದಿಂದ ಒಂದು ಡಜನ್ ತೆಂಗಿನಕಾಯಿ ತೆಗೆದು ಒಂದೊಂದಾಗಿ ಮೂಲೆಗೆ ಜೋಡಿಸಿದ. ಆಮೇಲೆ ಜೇಬಿನಿಂದ ಮಡಿಸಿದ ಛಾಪಾ ಕಾಗದ ತೆಗೆದು ನನ್ನ ಕೈಗೆ ಕೊಟ್ಟ.

"ಓದು," ಅಂದ.

ತಾಲ್ಲೂಕು ಆಫೀಸಿನ ಮುಂದೆ ಯಾರೋ ಟೈಪು ಮಾಡಿದ್ದು. 'ನಮ್ಮ ತಂದೆಯವರ ಹೆಸರಿನಲ್ಲಿರುವ ಸದರಿ ಐ.ಪಿ. ಸೆಟ್ಟನ್ನು ನನ್ನ ಆಕ್ಕನವರ ಹೆಸರಿಗೆ ವರ್ಗಾಯಿಸಲು ನನ್ನದು ಯಾವ ತಕರಾರು ಇರುವುದಿಲ್ಲಾ.' ನನ್ನ ಕಣ್ಣು ಮೊದಲು ಆ ಎರಡು ದೀರ್ಘಗಳನ್ನು ಹಿಡಿಯಿತು. ಅರ್ಥ ಆಮೇಲೆ ಆಯಿತು. ಕೆಳಗೆ ತಮ್ಮನ ಸಹಿ ಇತ್ತು, ಒಂದೊಂದೇ ಅಕ್ಷರವನ್ನು ಒತ್ತಿ ಬರೆದದ್ದು.

"ನಾನ್ಯಾವಾಗ್ಲಾ ನಿನ್ನ ಐಪಿ ಕೇಳ್ದೆ?"

"ನನ್ನ ಕೇಳ್ನಿಲ್ಲ. ಎಡೆ ಇಟ್ಟ ದಿನ ಜಗಲಿ ಮೇಲೆ ನಿಂತ್ಕಂಡು ಕರೆಂಟ್ ಆಫೀಸ್ನೋರ ಕೇಳ್ತಿದ್ದಲ್ಲ. ಅರ್ಜಿ ಕೊಟ್ಟಿವ್ನಿ, ನನ್ನೆಸ್ರಲ್ಲೇ ಆಗ್ಬೇಕು ಅಂತ."

ನನಗೆ ನಗು ತಡೆಯಲಾಗಲಿಲ್ಲ. ಅವನ ಕೈ ಹಿಡಿದು ಎಳೆದುಕೊಂಡು ಹೋಗಿ ಟೇಬಲ್ಲಿನ ಮೇಲಿದ್ದ ಡಬ್ಬಿ ತೋರಿಸಿದೆ. "ಇದು ಕಣ್ಲಾ ನನ್ನ ಐಪಿ," ಅಂದೆ. ಒಂದೇ ನಂಬರು, ಯಾರೋ ಮಾಡಿದ ತಪ್ಪು, ನಿಂತುಹೋದ ಕೆಲಸ, ಎಲ್ಲ ಹೇಳಿದೆ. ಅವನು ಹಸಿರು ದೀಪಗಳನ್ನು ಬಗ್ಗಿ ನೋಡಿದ.

"ಇದ್ಕೂ ಐಪಿ ಅಂತಾರಾ?" ಅಂದ. ಬಾಯಿಯ ಒಂದು ತುದಿಯಲ್ಲಿ ನಕ್ಕ. ಕುರ್ಚಿ ಎಳೆದುಕೊಂಡು ಕೂತ. "ಅಂಗಾರೆ ಕೊಡು ಆ ಕಾಗ್ದವ," ಅಂತ ಕೈ ಚಾಚಿದ.

ನಾನು ಕೊಡಲಿಲ್ಲ. ಕೊಡಬೇಕು ಅಂತಲೇ ಇದ್ದೆ, ಕೈ ಮುಂದೆ ಹೋಗಲಿಲ್ಲ. ನಗು ನಿಂತುಹೋಯಿತು. ಕಾಗದವನ್ನು ಎದೆಗೆ ಒತ್ತಿ ಹಿಡಿದುಕೊಂಡಿದ್ದೇನೆ ಅನ್ನುವುದು ನನಗೇ ಆಗ ಗೊತ್ತಾಯಿತು. ನಾಚಿಕೆಯಿಂದ ಮುಖ ಬಿಸಿಯಾಯಿತು. ಅವನು ಚಾಚಿದ ಕೈಯನ್ನು ಮೆಲ್ಲಗೆ ತೊಡೆಯ ಮೇಲೆ ಇಟ್ಟುಕೊಂಡ.

"ಅಪ್ಪ ಅವತ್ತು ತೆವರಿನ ಮ್ಯಾಲೆ ನಿಂತ್ಕಂಡು ಯೋಳಿದ್ದು ನಿಂಗೆ ನೆಪ್ಪೈತಾ?" ಅಂದೆ. ಇಪ್ಪತ್ತು ವರ್ಷದಲ್ಲಿ ಮದ್ದೂರಿನ ಮನೆಯಲ್ಲಿ ನಾನು ತವರಿನ ಭಾಷೆಯನ್ನು ಇಷ್ಟು ಪೂರ್ತಿಯಾಗಿ ಆಡಿರಲಿಲ್ಲ.

"ನೆಪ್ಪೈತೆ. ನಾನೂ ಅಲ್ಲೇ ಇದ್ನಲ್ಲ, ಗುದ್ಲಿ ಇಡ್ಕಂಡು."

"ಮತ್ತೆ ಆರು ವರ್ಸ ಯಾಕ್ಲಾ ಬಾಯ್ ಬುಡ್ನಿಲ್ಲ?"

"ನೀನ್ಯಾಕೆ ಕೇಳ್ನಿಲ್ಲ?"

ಇಷ್ಟು ಬಂದ ಮೇಲೆ ಮುಚ್ಚಿಡುವುದೇನು. "ಕೇಳಿದ್ರೆ ನೀನು ನನ್ನ ಕರೆಯೋದ ಬುಟ್‌ಬುಡ್ತೀಯ ಅಂತ ಎದ್ರಿಕೆ ಕಣ್ಲಾ. ಈಗ ಕೇಳ್ತೀನಿ. ಅಪ್ಪ ಯೋಳ್ದಂಗೆ ಆ ತುಂಡು ನಂಗೆ ಬೇಕು. ನೀನೇ ಉಳು, ನೀನೇ ಬೆಳಿ. ನನ್ನ ಹೆಸ್ರಲ್ಲಿರ್ಬೇಕು, ಅಷ್ಟೇಯ."

"ತಕೋ," ಅಂದ. "ನಿಂದೇಯ. ಐಪಿ ಕಾಗ್ದ ನಿನ್ನ ಕೈಲೇ ಐತಲ್ಲ, ಜಮೀನ್ದೂ ಬರ್ಕೊಡ್ತೀನಿ."

ಅಷ್ಟು ಸುಲಭವಾಗಿ ಅಂದುಬಿಟ್ಟ. ಆರು ವರ್ಷ ನಾನು ಒಳಗೊಳಗೇ ಎಷ್ಟು ಜಗಳವಾಡಿದ್ದೆ, ಅದರಲ್ಲಿ ಅವನ ಬಾಯಿಗೆ ಎಂತೆಂಥ ಮಾತು ಹಾಕಿದ್ದೆ. ಇದೊಂದು ಮಾತನ್ನು ಮಾತ್ರ ಹಾಕಿರಲಿಲ್ಲ.

ಕಾಫಿ ತರಲು ಏಳುತ್ತಿದ್ದೆ. ಅವನು ಡಬ್ಬಿಯ ಕಡೆಯೇ ನೋಡುತ್ತಾ ಮೆಲ್ಲಗೆ ಹೇಳಿದ.

"ಕೊಟ್‌ಬುಟ್ರೆ ಋಣ ತೀರ್ತು ಅಂತ ನೀನು ಬರಾದ ಬುಟ್‌ಬುಡ್ತೀಯೇನೋ ಅಂತ ನಂಗೆ ಎದ್ರಿಕೆ ಇತ್ತು ಕಣಕ್ಕ. ಇವತ್ತು ಬಸ್ ಅತ್ತಿದ್ದೂ ಅಂಗೇ ಅಂದ್ಕಂಡೇಯ. ಇನ್ಮ್ಯಾಲೆ ಅಕ್ಕ ಬರಕ್ಕಿಲ್ಲ ಅಂತ."

ನಾನು ಅಡುಗೆಮನೆಗೆ ಹೋಗಲಿಲ್ಲ. ಅವನ ಪಕ್ಕದಲ್ಲೇ ಕೂತೆ.