ಅವ್ವ ಇಳಿಯದ ಟೇಸನ್ನು

ನನ್ನ ಮಗಳಿಗೆ ಹೆಣ್ಣು ಮಗು ಹುಟ್ಟಿದೆ. ಮೊದಲು ಇದನ್ನು ಬರೆದುಬಿಡಬೇಕು, ಇಲ್ಲದಿದ್ದರೆ ಕೈ ಮುಂದಕ್ಕೆ ಹೋಗುವುದಿಲ್ಲ. ಹಾಲಿನವನಿಗೆ ಹೇಳಿದೆ, ಸೊಪ್ಪಿನವಳಿಗೆ ಹೇಳಿದೆ, ಕರೆಂಟ್ ಮೀಟರ್ ನೋಡಲು ಬಂದವನ ಬಾಯಿಗೂ ಸಕ್ಕರೆ ಹಾಕಿದೆ. ಮೂರನೇ ಕ್ಲಾಸಿಗೇ ಇಸ್ಕೂಲು ಬಿಟ್ಟವಳು ನಾನು. ಬಾಯಲ್ಲಿ ಹೇಳಿ ಸಾಕಾಗದೆ ಬರೆಯಲು ಕೂತಿದ್ದೇನೆ. ಕೂತರೆ ಸಂತೋಷದ ಹಿಂದೆಯೇ ಆ ಹಾಳು ಟೇಸನ್ನು ಕಣ್ಣ ಮುಂದೆ ಬರುತ್ತದೆ.

ನಮ್ಮ ಹಿತ್ತಲು ದಾಟಿದರೆ ಟೇಸನ್ನು. ಹಾಸನದ ಬಡಾವಣೆಗಳು ಬೆಳೆದು ನಮ್ಮೂರನ್ನು ನುಂಗಿವೆ. ‘ರೈಲ್ವೆ ಸ್ಟೇಷನ್ನಿಗೆ ಎರಡೇ ನಿಮಿಷ’ ಎಂದು ಬೋರ್ಡು ಹಾಕಿ ಸೈಟು ಮಾರುತ್ತಾರೆ. ಹೌದು, ಎರಡೇ ನಿಮಿಷ. ಹೋಗಿ ನೋಡಿದರೆ ಟಿಕೆಟ್ ಕೊಡುತ್ತಿದ್ದ ಕೋಣೆಗೆ ಬಾಗಿಲಿಲ್ಲ, ಮೇಲೆ ಹೆಂಚಿಲ್ಲ, ಒಳಗೆ ಬರೀ ಬಿಯರ್ ಬಾಟಲಿ. ಅಲ್ಲಿ ರೈಲು ನಿಂತು ಎಷ್ಟೋ ಕಾಲವಾಯಿತು.

ನಾನು ಮದುವೆಯಾಗಿ ಬಂದಾಗ ಹೀಗಿರಲಿಲ್ಲ. ಹೊಳೆನರಸೀಪುರದ ಕಡೆಯಿಂದ ಸಣ್ಣ ಹಳಿಯ ರೈಲು ಬರುತ್ತಿತ್ತು. ಬೆಳಗಿನ ಗಾಡಿಗೆ ಹಾಲಿನ ಕ್ಯಾನು, ಅವರೆಕಾಯಿ ಮೂಟೆ, ಹೂವಿನ ಬುಟ್ಟಿ ಎಲ್ಲ ಹಾಸನಕ್ಕೆ ಹೊರಡುತ್ತಿದ್ದವು. ಬದುವಿನ ಮೇಲೆ ಯಾರಾದರೂ ಓಡಿ ಬರುವುದು ಕಂಡರೆ ಗಾರ್ಡು ಹಸಿರು ಬಾವುಟವನ್ನು ಕಂಕುಳಲ್ಲಿ ಇರುಕಿಕೊಂಡು ನಿಲ್ಲುತ್ತಿದ್ದ. “ಬಿರ್‍ರನೆ ಬಾರಮ್ಮ, ನಿನ್ ಕೋಳಿ ಮೊಟ್ಟೆ ಇಕ್ಕೋವರ್ಗೂ ಕಾಯ್ಲಾ?” ಎಂದು ಬೈಯುತ್ತಿದ್ದ. ಬೈದರೂ ಬಿಟ್ಟು ಹೋಗುತ್ತಿರಲಿಲ್ಲ.

ನನ್ನ ಅವ್ವನಿಗೆ ಬಸ್ಸು ಆಗುತ್ತಿರಲಿಲ್ಲ. ಹತ್ತಿ ಕೂತರೆ ಸಾಕು, ಡೀಸೆಲ್ ವಾಸನೆಗೇ ವಾಂತಿ. ಹೊಳೆನರಸೀಪುರದಲ್ಲಿ ರೈಲು ಹತ್ತಿ ನಮ್ಮ ಟೇಸನ್ನಿನಲ್ಲಿ ಇಳಿದರೆ ಮಾತ್ರ ಅವಳು ಮಗಳ ಮನೆ ಕಾಣುತ್ತಿದ್ದಳು. ದೊಡ್ಡ ಹಳಿ ಹಾಕುತ್ತೇವೆಂದು ರೈಲು ನಿಲ್ಲಿಸಿದಾಗ ವರ್ಷಗಟ್ಟಲೆ ಬರಲಿಲ್ಲ. “ದೊಡ್ಡ ರೈಲು ಬರ್ಲಿ ಕಣವ್ವ, ಜೋರಾಗೇ ಬತ್ತೀನಿ” ಎಂದು ಹೇಳಿ ಕಳಿಸುತ್ತಿದ್ದಳು.

ಆ ರೈಲು ಬರುವ ಹೊತ್ತಿಗೆ ನನಗೆ ಗಂಡನ ಮನೆಯಲ್ಲೇ ಎರಡನೇ ಹೆರಿಗೆಯಾಗಿತ್ತು. ಹುಟ್ಟಿದವಳು ಈಗ ತಾಯಾಗಿರುವ ಈ ಮಗಳೇ. ಕೂಸನ್ನು ನೋಡಲು ಹೊಸ ರೈಲಿನಲ್ಲಿ ಬರುತ್ತೇನೆಂದು ಅವ್ವ ಹೇಳಿ ಕಳಿಸಿದಳು. ಪ್ಲಾಟ್‌ಫಾರಂಗೆ ಹೊಸ ಮಣ್ಣು ಹಾಕಿದ್ದರು. ಇಲ್ಲಿ ನಿಲ್ಲುವುದಿಲ್ಲವೆಂದು ನಮಗೆ ಯಾರೂ ಹೇಳಿರಲಿಲ್ಲ. ಕೇಳಬೇಕೆಂದು ನಮಗೂ ಹೊಳೆಯಲಿಲ್ಲ. ಟೇಸನ್ನು ಇರುವುದೇ ನಿಲ್ಲುವುದಕ್ಕಲ್ಲವೇ?

ಬಾಣಂತಿ ಹೊಸಲು ದಾಟಬಾರದು. ನಾನು ಹಟ ಮಾಡಿದೆ. “ನಿಮ್ಮವ್ವಂಗೇನು ದಾರಿ ಗೊತ್ತಿಲ್ವಾ? ಸೀತ ಆದ್ರೆ ನಾನ್ ತಾನೇ ಸಾಯ್ಬೇಕು? ಓಗು!” ಎಂದು ಗೊಣಗುತ್ತಲೇ ಅತ್ತೆ ನನ್ನ ಕಿವಿಗೆ ಹತ್ತಿ ತುರುಕಿ, ಕೂಸನ್ನು ತಲೆಯಿಂದ ಕಾಲಿನವರೆಗೆ ಸುತ್ತಿ ಕೊಟ್ಟರು.

ರೈಲು ಬಂತು. ಅದರ ಓಟ ತಗ್ಗಲೇ ಇಲ್ಲ. ಕಿಟಕಿಯಲ್ಲಿ ಅವ್ವನ ಮುಖ, ಸರಳಿನಾಚೆ ಅವಳ ಕೈ. ಕೂಸನ್ನು ಎತ್ತಿ ಹಿಡಿದೆ. ಅಷ್ಟೇ. ಧೂಳು ಇಳಿದಾಗ ಹಳಿ ಖಾಲಿ.

ನಮ್ಮ ಯಜಮಾನರು ಸೈಕಲ್ ತುಳಿದು ಹಾಸನಕ್ಕೆ ಹೋದರು. ಟೇಸನ್ನಿನ ಹೊರಗೆ, ಬಸ್ ಸ್ಟ್ಯಾಂಡಿನಲ್ಲಿ, ಎಲ್ಲ ಕಡೆ ಹುಡುಕಿದರು. ಅವ್ವ ರೈಲಿನಿಂದ ಇಳಿದೇ ಇರಲಿಲ್ಲ. ಡ್ರೈವರ್ ಮರೆತಿರಬೇಕು, ವಾಪಸು ಹೋಗುವಾಗ ನಿಲ್ಲಿಸುತ್ತಾನೆ ಎಂದುಕೊಂಡು ಅದೇ ಸೀಟಿನಲ್ಲಿ ಕೂತಿದ್ದಳು. ಅವಳಿಗೆ ಗೊತ್ತಿದ್ದ ರೈಲು ಅಂಥದ್ದು.

ವಾಪಸು ಗಾಡಿ ಕೂಗಿದ್ದು ನನಗೆ ಕೇಳಿಸಿತು. ಕೂಸಿಗೆ ಹಾಲು ಕುಡಿಸುತ್ತಿದ್ದೆ, ತಲೆಯೆತ್ತಿಯೂ ನೋಡಲಿಲ್ಲ. ಆಮೇಲೆ ಪಕ್ಕದ ಮನೆಯಾಕೆ ಹಳಿಯ ಬದಿಯಲ್ಲಿ ಬಿದ್ದಿದ್ದ ಒಂದು ಗಂಟು ತಂದುಕೊಟ್ಟಳು. ಮುದುಕಿಯೊಬ್ಬಳು ರೈಲಿನ ಬಾಗಿಲಿಂದ ಎಸೆದು, ಏನೋ ಕೂಗುತ್ತಾ ಹೋದಳಂತೆ. ಬಿಚ್ಚಿದರೆ ಕೊಬ್ಬರಿ, ಬೆಲ್ಲ, ಕೂಸಿಗೆಂದು ತಂದಿದ್ದ ಕರಿಬಳೆಯ ಚೂರು.

“ಕೂಸಿನ್ ಮಕ ಕಾಣ್ನಿಲ್ಲ ಕಣವ್ವ. ಬಟ್ಟೆ ಕಾಣ್ತು” ಎಂದು ಅವ್ವ ಹೇಳಿ ಕಳಿಸಿದಳು. ಬಾಣಂತನ ಮುಗಿಸಿ ನಾನು ಬಸ್ಸು ಹತ್ತುವ ಮೊದಲೇ ಅವಳು ತೀರಿಹೋದಳು.

ಊರಿನವರು ರೈಲ್ವೆಯವರನ್ನು ಕೇಳಲು ಹೋದಾಗ, ಅಲ್ಲಿ ಜನ ಇಳಿಯುವುದಿಲ್ಲ, ಅದಕ್ಕೇ ನಿಲ್ಲಿಸುವುದಿಲ್ಲ ಎಂದರಂತೆ. ನಿಲ್ಲಿಸದಿದ್ದರೆ ಹೇಗಪ್ಪ ಇಳಿಯುವುದು, ಹಾರಿಕೊಂಡಾ?

ಮೊನ್ನೆ ಮೊಮ್ಮಗಳಿಗೆ ಮೂರು ತಿಂಗಳು ತುಂಬಿತು. ಚನ್ನರಾಯಪಟ್ಟಣದಿಂದ ಬೀಗಿತ್ತಿ ಕಾರಿನಲ್ಲಿ ಬಂದು, ಕೂಸನ್ನು ಎತ್ತಾಡಿಸಿ, ಮುದ್ದಾಡಿ, ಊಟ ಮಾಡಿ ಹೊರಟರು. ಎಷ್ಟು ಸಲೀಸು! ನನಗೆ ಹೊಟ್ಟೆ ತುಂಬ ಖುಷಿ, ಹೊಟ್ಟೆಯುರಿಯೂ ಅಷ್ಟೇ. ಕಾರು ಮರೆಯಾದ ಮೇಲೆ ಕೂಸನ್ನೆತ್ತಿಕೊಂಡು ಹಿತ್ತಲು ದಾಟಿದೆ. ಮಗಳು ಹಿಂದೆಯೇ ಬಂದಳು. ಸಂಜೆಯ ಗಾಡಿ ಕೂಗಿತು. ನಾನು ಕೂಸಿನ ಟೋಪಿ ತೆಗೆದೆ, ಸುತ್ತಿದ್ದ ಬಟ್ಟೆ ಬಿಚ್ಚಿದೆ.

“ಅಯ್ಯೋ ಅವ್ವ, ಗಾಳಿ! ಟೋಪಿ ಯಾಕ್ ತೆಗ್ದೆ?”

“ಮಕ ಕಾಣ್ಲಿ.”

“ಯಾರ್ಗೆ?”

ಎರಡೂ ಕೈಯಲ್ಲಿ ಕೂಸನ್ನು ಎತ್ತಿ ಹಿಡಿದೆ. ಕಿಟಕಿಗಳು ಒಂದರ ಹಿಂದೊಂದು ಓಡಿದವು. ಕೂಸು ಬೊಚ್ಚುಬಾಯಿ ಬಿಟ್ಟು ನಗುತ್ತಿತ್ತು. ಅವತ್ತೂ ಗಾಡಿ ನಿಲ್ಲಲಿಲ್ಲ.