ಯಂತ್ರಗಳ ಜಾತಕದ ಪುಸ್ತಕ

ಗುಬ್ಬಿಯಲ್ಲಿ ನಾನು ಪಾಠ ಮಾಡುವ ಕಾಲೇಜಿನ ಕಂಪ್ಯೂಟರ್ ಲ್ಯಾಬಿನಲ್ಲಿ ಕೆಂಪು ರಟ್ಟಿನ ಒಂದು ಉದ್ದ ರಿಜಿಸ್ಟರ್ ಇದೆ. ಒಂದೊಂದು ಯಂತ್ರಕ್ಕೆ ಒಂದೊಂದು ಪುಟ. ಆಪರೇಟಿಂಗ್ ಸಿಸ್ಟಂ ಹಾಕಿದ ದಿನ ಯಾವುದು, ಹಾಕಿದವರು ಯಾರು, ಡಿಸ್ಕನ್ನು ಎಷ್ಟು ಪಾಲು ಮಾಡಿದೆ, ಯಾವ ಪಾಲಿನಲ್ಲಿ ಏನಿದೆ, ಆಮೇಲೆ ಬಂದ ಕಾಯಿಲೆ ಏನು, ಕೊಟ್ಟ ಮದ್ದು ಏನು, ಎಲ್ಲ ಬರೆದಿದೆ. ಇದಕ್ಕೆ ಜಾತಕದ ಪುಸ್ತಕ ಎಂದು ಹೆಸರಿಟ್ಟವರು ಲ್ಯಾಬಿನ ಅಟೆಂಡರ್ ಆಗಿದ್ದ ಅಕ್ಕ. ಮೊದಲ ಪುಟ ಸರ್ವರಿನದು, ಅಂದರೆ ಎಲ್ಲರ ಫೈಲುಗಳನ್ನೂ ಇಟ್ಟುಕೊಂಡಿರುವ ದೊಡ್ಡ ಯಂತ್ರದ್ದು. ಆ ಪುಟದಲ್ಲಿ ನನ್ನ ಅಕ್ಷರದ ನಾಲ್ಕು ಸಾಲುಗಳಿವೆ. ಅವು ಅಲ್ಲಿಗೆ ಹೇಗೆ ಬಂದವೆಂದು ಬರೆಯಬೇಕು ಎಂದು ಬಹಳ ದಿನದಿಂದ ಅಂದುಕೊಂಡಿದ್ದೇನೆ. ನೆನಪಿನಿಂದಲೇ ಬರೆಯುತ್ತಿದ್ದೇನೆ, ಇದರಲ್ಲೂ ನಾನು ನನ್ನ ಕಡೆಗೆ ವಾಲಿರಬಹುದು.

ಕಾಲೇಜಿನಲ್ಲಿ ಎಲ್ಲರೂ ಅವರನ್ನು ಅಕ್ಕ ಎಂದೇ ಕರೆಯುತ್ತಿದ್ದರು. ನನಗಿಂತ ಆರೇಳು ವರ್ಷ ದೊಡ್ಡವರು, ಗುಬ್ಬಿಯ ಪಕ್ಕದ ಕಡಬದವರು. ಪಿಯುಸಿ ಓದಿದ್ದರು. ಕಾಲೇಜಿಗೆ ಬಂದದ್ದು ಬೀಗ ತೆಗೆಯಲು, ಗುಡಿಸಲು, ಬೆಲ್ ಹೊಡೆಯಲು. ನಾನು ಯಂತ್ರಗಳಿಗೆ ಹೊಸ ಸಿಸ್ಟಂ ಹಾಕುತ್ತ ಕೂತಾಗ ಪೊರಕೆ ಹಿಡಿದೇ ನಿಂತು ನೋಡುತ್ತಿದ್ದರು. ಪರದೆಯ ಮೇಲೆ ಗೆರೆ ಓಡಿ ಮುಗಿಯುವವರೆಗೆ ನೀವು ಸುಮ್ಮನೆ ಕೂತಿರುತ್ತೀರಲ್ಲ, ಅಷ್ಟನ್ನು ನಾನೂ ಮಾಡಬಲ್ಲೆ, ಮಿಕ್ಕದ್ದು ಹೇಳಿಕೊಡಿ ಎಂದು ಒಂದು ದಿನ ಕೇಳಿಯೇಬಿಟ್ಟರು.

ಹೇಳಿಕೊಟ್ಟೆ. ಪೆನ್ ಡ್ರೈವಿನಿಂದ ಯಂತ್ರವನ್ನು ಎಬ್ಬಿಸುವುದು, ಎದ್ದ ಕೂಡಲೇ ಯಾವ ಕೀ ಒತ್ತಬೇಕು, ಸಿಸ್ಟಂ ಕೂತ ಮೇಲೆ ಪ್ರಿಂಟರಿಗೂ ನೆಟ್‌ವರ್ಕಿಗೂ ಬೇಕಾದ ಡ್ರೈವರ್ ಎಂಬ ತಂತ್ರಾಂಶ ಹಾಕುವುದು, ವಿದ್ಯಾರ್ಥಿಗಳ ಖಾತೆಗೆ ಎಷ್ಟು ಅಧಿಕಾರ ಕೊಡಬೇಕು, ಎಷ್ಟು ಕೊಡಬಾರದು. ಡಿಸ್ಕಿನ ಪಾರ್ಟಿಷನ್ ಎಂದಾಗ ಮಾತ್ರ ನಾನು ಏನೂ ವಿವರಿಸಬೇಕಾಗಲಿಲ್ಲ. ಅಣ್ಣತಮ್ಮಂದಿರ ಪಾಲು ನೋಡಿದವರು ಅವರು. ಸಿಸ್ಟಂ ಇರುವ ಪಾಲು ಮನೆ ಇದ್ದ ಹಾಗೆ, ಮಕ್ಕಳ ಕೆಲಸ ಇರುವ ಪಾಲು ತೋಟ ಇದ್ದ ಹಾಗೆ. ಮನೆಯನ್ನು ಎಷ್ಟು ಸಲ ಬೇಕಾದರೂ ಕೆಡವಿ ಕಟ್ಟಬಹುದು, ತೋಟಕ್ಕೆ ಕೈ ಹಾಕಬಾರದು ಎಂದು ಅವರೇ ನನಗೆ ಹೇಳಿದರು. ಆ ಹೋಲಿಕೆಯನ್ನು ನಾನು ಇಂದಿಗೂ ತರಗತಿಯಲ್ಲಿ ಬಳಸುತ್ತೇನೆ. ಮೊದಮೊದಲು ಯಾರದೆಂದು ಹೇಳುತ್ತಿರಲಿಲ್ಲ.

ಎರಡು ವರ್ಷದಲ್ಲಿ ಅವರ ಕೈ ನನ್ನ ಕೈಗಿಂತ ನಿಧಾನವೂ ಆಯಿತು, ಗಟ್ಟಿಯೂ ಆಯಿತು. ನಾನು ಓದದೆ ಒತ್ತುವ ಕಡೆ ಅವರು ನಿಂತು, ಇಂಗ್ಲಿಷ್ ಸಾಲನ್ನು ಬೆರಳಿಟ್ಟು ಓದಿ, ಆಮೇಲೆ ಒತ್ತುತ್ತಿದ್ದರು. ಲ್ಯಾಬ್ ಅಸಿಸ್ಟೆಂಟ್ ಜಾಗ ಖಾಲಿಯಾದಾಗ ಅದನ್ನು ಅವರಿಗೇ ಕೊಡಿ ಎಂದು ನಾನು ಪ್ರಾಂಶುಪಾಲರನ್ನು ಕೇಳಿದೆ. ಅಟೆಂಡರ್ ಆಗಿ ಬಂದವರಿಗೆ ಆ ಹುದ್ದೆ ಕೊಟ್ಟದ್ದು ನಮ್ಮಲ್ಲಿ ಇರಲಿಲ್ಲ. ಪ್ರಾಂಶುಪಾಲರು ಒಂದು ವಾರ ಯೋಚಿಸಿ, ದೀಪಾವಳಿ ಕಳೆದ ಮೇಲೆ ಆಡಳಿತ ಮಂಡಳಿಯ ಸಭೆ ಇದೆ, ಅಲ್ಲಿ ಹೆಸರು ಇಡುತ್ತೇನೆ ಎಂದರು. ಅಕ್ಕನಿಗೆ ಹೇಳಿದಾಗ ಅವರು ನಗಲಿಲ್ಲ. ಪೊರಕೆಯನ್ನು ಲ್ಯಾಬಿನ ಹೊರಗೆ ಇಟ್ಟು ಬಂದು ಕೂತರು.

ದಸರಾ ರಜೆಗೆ ಮುಂಚಿನ ಕೊನೆಯ ದಿನ ಸಂಜೆ ನಮ್ಮ ಕಾಲೇಜಿನಲ್ಲಿ ಆಯುಧಪೂಜೆ. ರಜೆಯೊಳಗೆ ಸರ್ವರಿಗೆ ಹೊಸ ಸಿಸ್ಟಂ ಹಾಕಿಬಿಡಬೇಕೆಂದು ಅದೇ ದಿನ ಮಧ್ಯಾಹ್ನ ಕೂತೆ. ಕುಣಿಗಲ್‌ನ ತವರು ಮನೆಗೆ ಹೋಗಬೇಕಿತ್ತು. ಗುಬ್ಬಿಯಿಂದ ತುಮಕೂರು, ಅಲ್ಲಿಂದ ಇನ್ನೊಂದು ಬಸ್ಸು. ಕಣ್ಣು ಗೋಡೆಯ ಗಡಿಯಾರದ ಮೇಲೇ ಇತ್ತು. ಯಾವ ಪಾಲಿಗೆ ಹಾಕಲಿ ಎಂದು ಪರದೆ ಕೇಳಿತು. ಉತ್ತರ ಕೊಟ್ಟೆ. ಗೆರೆ ಓಡಲು ಶುರುವಾಯಿತು. ಅಕ್ಕ ಒದ್ದೆ ಬಟ್ಟೆಯಲ್ಲಿ ಕೀಬೋರ್ಡುಗಳನ್ನು ಒರೆಸುತ್ತಿದ್ದರು. ಬ್ಯಾಗು ತೆಗೆದುಕೊಂಡು ಹೊರಟೆ.

ಹೊರಡುವಾಗ ಏನು ಹೇಳಿದೆ ಎಂಬುದೇ ಪ್ರಶ್ನೆ. ಇದು ಮುಗಿಯುವವರೆಗೆ ಮೇನ್ಸ್ ಆರಿಸಬೇಡಿ ಎಂದು ಹೇಳಿದ್ದು ನನಗೆ ಚೆನ್ನಾಗಿ ನೆನಪಿತ್ತು. ನಾನು ಬಾಗಿಲಲ್ಲಿ ನಿಂತದ್ದು, ಅವರು ತಲೆ ಆಡಿಸಿದ್ದು, ಕೈಯ ಒದ್ದೆ ಬಟ್ಟೆ, ಎಲ್ಲವೂ.

ರಜೆ ಮುಗಿಸಿ ಬಂದಾಗ ಸರ್ವರಿನ ಡಬ್ಬಿಯ ಮೇಲೆ ವಿಭೂತಿಯ ಪಟ್ಟೆ, ಒಣಗಿದ ಸೇವಂತಿಗೆ. ಪೂಜೆಗೆ ಮೊದಲು ಯಂತ್ರಗಳೆಲ್ಲ ಸುಮ್ಮನಿರಬೇಕಲ್ಲ, ಐದು ಗಂಟೆಗೆ ಮೇನ್ಸ್ ಆರಿಸಿದೆ ಎಂದು ಅಕ್ಕ ತಾವಾಗಿಯೇ ಹೇಳಿದರು. ಸ್ವಿಚ್ ಒತ್ತಿದೆ. ಹೊಸ ಸಿಸ್ಟಂ ಚೆನ್ನಾಗಿಯೇ ಎದ್ದಿತು. ಆದರೆ ಎರಡು ವರ್ಷದ ವಿದ್ಯಾರ್ಥಿಗಳ ಪ್ರಾಜೆಕ್ಟು, ಲ್ಯಾಬ್ ರೆಕಾರ್ಡು, ನಾವು ಅಧ್ಯಾಪಕರು ಮಾಡಿಟ್ಟ ಪಾಠಗಳು, ಯಾವುದೂ ಇರಲಿಲ್ಲ.

ಅರ್ಧಕ್ಕೆ ಕರೆಂಟ್ ತೆಗೆದರೆ ಹೀಗೇ ಆಗುವುದು ಎಂದು ನನ್ನ ಬಾಯಿ ಹೇಳಿತು. ಪ್ರಾಂಶುಪಾಲರೂ ಅಲ್ಲಿದ್ದರು. ನೀವು ಹೇಳಿರಲಿಲ್ಲವೇ ಎಂದು ಕೇಳಿದರು. ಹೇಳಿದ್ದೆ ಎಂದೆ. ಅವರು ಅಕ್ಕನ ಕಡೆ ನೋಡಿದರು. ಅಕ್ಕ ಡಬ್ಬಿಯ ಮೇಲಿನ ಒಣಗಿದ ಹೂವನ್ನು ಎತ್ತಿಕೊಂಡರು. ಸಭೆಯಲ್ಲಿ ಹೆಸರು ಇಡುವ ಮಾತು ಅಲ್ಲಿಗೆ ನಿಂತಿತು. ಯಾರೂ ಬಾಯಿಬಿಟ್ಟು ಹೇಳಲಿಲ್ಲ, ಎಲ್ಲರಿಗೂ ತಿಳಿಯಿತು.

ಡಿಸ್ಕನ್ನು ಮುಟ್ಟಿದಷ್ಟೂ ಕೆಡುತ್ತದೆ ಎಂದು ಅವತ್ತೇ ಬಿಚ್ಚಿಸಿ, ಹೋದ ಫೈಲುಗಳನ್ನು ತೆಗೆದುಕೊಡುವ ತುಮಕೂರಿನ ಒಂದು ಅಂಗಡಿಗೆ ಕೊಟ್ಟೆ. ಮಾರನೆಯ ದಿನದಿಂದ ಅಕ್ಕ ಯಂತ್ರಗಳನ್ನು ಮುಟ್ಟಲಿಲ್ಲ. ಬಾಗಿಲು ತೆಗೆಯುವರು, ಗುಡಿಸುವರು, ಹೊರಗೆ ಸ್ಟೂಲಿನ ಮೇಲೆ ಕೂರುವರು. ಯಾವುದಾದರೂ ಯಂತ್ರ ಏಳದಿದ್ದರೆ ಮೇಡಂ ಬರುತ್ತಾರೆ ಇರಿ ಎನ್ನುವರು. ಒಮ್ಮೆ ನಾನೇ ಕರೆದೆ. ಅವರು ಬಾಗಿಲಿನಿಂದಲೇ, “ಬುಡಿ ಮೇಡಂ, ನಮ್ ಕೈ ಸರಿ ಇಲ್ಲ” ಎಂದರು. ವ್ಯಂಗ್ಯವಿರಲಿಲ್ಲ. ನಿಜವಾಗಿಯೂ ಹಾಗೆಂದು ನಂಬಿದ್ದರು.

ಎರಡು ವಾರದ ಮೇಲೆ ಅಂಗಡಿಯವರು ಕರೆದರು. ಸುಮಾರು ಫೈಲುಗಳು ಸಿಕ್ಕಿವೆ, ಹೆಸರುಗಳು ಮಾತ್ರ ಅಳಿಸಿಹೋಗಿವೆ, ಒಂದೊಂದನ್ನೇ ತೆರೆದು ನೋಡಿ ಹೆಸರಿಡಬೇಕು ಎಂದರು. ನಾನು ಕರೆಂಟಿನ ಕತೆ ಹೇಳಲು ಶುರು ಮಾಡಿದೆ. ಅವರು ಕೈ ಅಡ್ಡ ಮಾಡಿದರು.

“ಕರೆಂಟ್ ಅಲ್ಲ ಮೇಡಂ ಇದು. ಯಾರೋ ಆರಾಮಾಗಿ ಕೂತ್ಕೊಂಡು ಫಾರ್ಮ್ಯಾಟ್ ಮಾಡವ್ರೆ. ಹಳೇ ಸಿಸ್ಟಂ ನೋಡಿ, ಹಂಗೇ ಕೂತದೆ. ಅದ್ರ ಮೇಲೆ ಹಾಕೋ ಬದ್ಲು ಪಕ್ಕದ್ದರ ಮೇಲೆ ಹಾಕವ್ರೆ.”

ಸಿಸ್ಟಂ ಹಾಕುವಾಗ ಯಂತ್ರ ತಾನು ಮಾಡಿದ್ದನ್ನೆಲ್ಲ ಹೊತ್ತಿನೊಂದಿಗೆ ಒಂದು ಕಡತದಲ್ಲಿ ಬರೆದಿಟ್ಟುಕೊಳ್ಳುತ್ತದೆ. ಅದಕ್ಕೆ ಲಾಗ್ ಎನ್ನುತ್ತೇವೆ. ಅದನ್ನು ಅವರು ತೆರೆದು ತೋರಿಸಿದರು. ಎರಡು ಗಂಟೆ ಹನ್ನೊಂದು ನಿಮಿಷಕ್ಕೆ ಪಾಲು ಆಯ್ಕೆ, ಆ ಕೂಡಲೇ ಫಾರ್ಮ್ಯಾಟ್, ಅಂದರೆ ಆ ಪಾಲಿನಲ್ಲಿದ್ದುದನ್ನೆಲ್ಲ ಅಳಿಸುವುದು. ಎರಡು ನಲವತ್ತೇಳಕ್ಕೆ ಕೆಲಸ ಪೂರ್ತಿ. ಆಮೇಲೆ ಐದು ಗಂಟೆಯವರೆಗೆ ಯಂತ್ರ ಸುಮ್ಮನೆ ಕಾದಿತ್ತು, ಅಷ್ಟೆ. ಅಕ್ಕ ಆರಿಸಿದ್ದು ಕೆಲಸ ಮುಗಿಸಿ ಕೂತಿದ್ದ ಯಂತ್ರವನ್ನು. ಎರಡು ಹನ್ನೊಂದಕ್ಕೆ ಅದರ ಮುಂದೆ ಇದ್ದವಳು ನಾನು.

ನಾನು ಮೊದಲು ಮಾಡಿದ ಕೆಲಸ ಬರೆಯಲು ನಾಚಿಕೆಯಾಗುತ್ತದೆ. ಯಂತ್ರದ ಗಡಿಯಾರ ತಪ್ಪಿರಬಹುದೇ ಎಂದು ಪರೀಕ್ಷಿಸಿದೆ. ನಾಲ್ಕು ನಿಮಿಷ ಮುಂದಿತ್ತು. ನಾಲ್ಕು ನಿಮಿಷದಿಂದ ನನಗೇನೂ ಉಪಯೋಗವಾಗಲಿಲ್ಲ.

ಅರ್ಧಕ್ಕೆ ನಿಂತ ಸಿಸ್ಟಂ ಎದ್ದು ನಿಲ್ಲುವುದಿಲ್ಲ ಎಂಬುದು ನಾನೇ ಪಾಠ ಮಾಡುವ ವಿಷಯ. ರಜೆ ಕಳೆದ ಆ ಬೆಳಿಗ್ಗೆ ಅದು ನನ್ನ ಕಣ್ಣ ಮುಂದೆಯೇ ಪೂರ್ತಿ ಎದ್ದು ನಿಂತಿತ್ತು. ಎರಡು ನಿಮಿಷ ಯೋಚಿಸಿದ್ದರೆ ಸಾಕಿತ್ತು. ಯೋಚಿಸಲಿಲ್ಲವೋ, ಯೋಚನೆ ಎಲ್ಲಿಗೆ ಹೋಗಿ ನಿಲ್ಲುತ್ತದೆಂದು ಒಳಗೆಲ್ಲೋ ಗೊತ್ತಿತ್ತೋ, ಈಗಲೂ ಹೇಳಲಾರೆ. ಬೇಸಿಗೆಯಲ್ಲಿ ಆ ಡಿಸ್ಕಿನ ಪಾಲುಗಳನ್ನು ಅದಲುಬದಲು ಮಾಡಿದವಳೂ ನಾನೇ. ಹೊಸ ಅಳತೆಗಳನ್ನು ಅಕ್ಕ ಜಾತಕದ ಮೊದಲ ಪುಟದಲ್ಲಿ ಅಂಕಿ ಬಿಡದೆ ಬರೆದಿದ್ದರು. ಪುಸ್ತಕ ಮೊಳದುದ್ದ ದೂರದಲ್ಲಿತ್ತು. ನೆನಪಿದೆಯಲ್ಲ ಎಂದು ನಾನು ತೆರೆದಿರಲಿಲ್ಲ.

ಮನೆಗೆ ಹೋಗಿ ದಿನಚರಿ ತೆಗೆದೆ. ಆ ದಿನದ ಪುಟದಲ್ಲಿ ಸ್ಪಷ್ಟವಾಗಿ ಇತ್ತು: ಮೇನ್ಸ್ ಆರಿಸಬೇಡಿ ಎಂದು ಹೇಳಿ ಬಂದೆ. ಒಂದು ಕ್ಷಣ ಸಮಾಧಾನವಾಯಿತು. ಆಮೇಲೆ ನೆನಪಾಯಿತು: ದಿನಚರಿ ಇದ್ದದ್ದು ತುಮಕೂರಿನ ಮನೆಯಲ್ಲಿ. ನಾನು ಅವತ್ತು ಮನೆಗೆ ಬರದೆ ಬಸ್‌ಸ್ಟ್ಯಾಂಡಿನಿಂದಲೇ ಕುಣಿಗಲ್‌ಗೆ ಹೋಗಿದ್ದೆ, ರಜೆ ಮುಗಿದಾಗಲೂ ಅಲ್ಲಿಂದ ನೇರವಾಗಿ ಕಾಲೇಜಿಗೇ ಬಂದಿದ್ದೆ. ಅಂದರೆ ಆ ಪುಟ ಬರೆದದ್ದು ರಜೆ ಮುಗಿದ ಮೇಲೆ, ಫೈಲು ಹೋದದ್ದು ತಿಳಿದ ಮೇಲೆ. ಒದ್ದೆ ಬಟ್ಟೆ, ಆಡಿಸಿದ ತಲೆ, ಬಾಗಿಲು, ಇವೆಲ್ಲ ಎಲ್ಲಿಂದ ಬಂದವೋ. ನಮ್ಮ ತಂದೆಯದು ಹಿಟ್ಟಿನ ಗಿರಣಿ. ಆಯುಧಪೂಜೆಗೆ ಬೆಲ್ಟು ಬಿಚ್ಚಿಟ್ಟು, ವರ್ಷವೆಲ್ಲ ದುಡಿದಿದೆ, ಇವತ್ತು ಮುಟ್ಟಬೇಡಿ ಎನ್ನುತ್ತಿದ್ದರು. ಪೂಜೆಯ ಹೊತ್ತಿಗೆ ಅಕ್ಕ ಮೇನ್ಸ್ ಆರಿಸುತ್ತಾರೆಂದು ಬೇರೆ ಯಾರಿಗೆ ತಿಳಿಯದಿದ್ದರೂ ಗಿರಣಿಯ ಮಗಳಿಗೆ ತಿಳಿಯಬೇಕಿತ್ತು.

ಅಂಗಡಿಯವರು ತೆಗೆದುಕೊಟ್ಟ ಲಾಗಿನ ಪ್ರಿಂಟು ನಾಲ್ಕು ದಿನ ನನ್ನ ಬ್ಯಾಗಿನಲ್ಲೇ ತುಮಕೂರಿಗೂ ಗುಬ್ಬಿಗೂ ಓಡಾಡಿತು. ಫೈಲುಗಳು ಹೇಗೂ ಸಿಕ್ಕಿವೆ, ಇನ್ನು ಯಾಕೆ ಎಂದು ಒಂದು ದಿನ. ಸಭೆಗೆ ಇನ್ನೂ ವಾರವಿದೆ ಎಂದು ಇನ್ನೊಂದು ದಿನ. ಐದನೆಯ ದಿನ ಎರಡನೇ ವರ್ಷದವರಿಗೆ ಇದೇ ಪಾಠ ಮಾಡುತ್ತಿದ್ದೆ. ಸಿಸ್ಟಂ ಹಾಕುವಾಗ ಆಗಬಹುದಾದ ತಪ್ಪುಗಳು ಯಾವುವು ಎಂದು ಕೇಳಿದೆ. ಮುಂದಿನ ಬೆಂಚಿನ ಒಬ್ಬಳು ಎದ್ದು, “ಮಧ್ಯದಲ್ಲಿ ಕರೆಂಟ್ ಆಫ್ ಮಾಡೋದು ಮೇಡಂ, ಅಕ್ಕ ಮಾಡಿದ್ರಲ್ಲ ಹಂಗೆ” ಎಂದಳು. ತರಗತಿ ನಕ್ಕಿತು. ಬಾಗಿಲು ತೆರೆದಿತ್ತು, ಸ್ಟೂಲು ಬಾಗಿಲ ಹೊರಗೇ ಇತ್ತು.

ಪಾಠ ಮುಗಿಸಿ ನೇರವಾಗಿ ಪ್ರಾಂಶುಪಾಲರ ಕೋಣೆಗೆ ಹೋದೆ. ಪ್ರಿಂಟನ್ನು ಮೇಜಿನ ಮೇಲಿಟ್ಟು ಹೇಳಿದೆ. ಅವರು ಎರಡು ಸಲ ಓದಿದರು, ನನಗೆ ಯಾವಾಗ ತಿಳಿಯಿತು ಎಂದು ಕೇಳಿದರು. ಐದು ದಿನವಾಯಿತು ಎಂದೆ. ಅವರು ಪ್ರಿಂಟನ್ನು ಮಡಿಸಿ ನನಗೇ ವಾಪಸ್ಸು ಕೊಟ್ಟರು. ಸಭೆಗೆ ಹೆಸರು ಹೋಗುತ್ತದೆ, ಆದರೆ ಆಕೆ ಮತ್ತೆ ಯಂತ್ರ ಮುಟ್ಟುತ್ತಾರೋ ಇಲ್ಲವೋ ನೀವೇ ಕೇಳಬೇಕು ಎಂದಷ್ಟೇ ಅಂದರು.

ಲ್ಯಾಬಿನಲ್ಲಿ ಅಕ್ಕನನ್ನು ಕೂರಿಸಿ ಹೇಳಿದೆ. ಅವರು ಕ್ಷಮೆಯ ಮಾತನ್ನು ಕಿವಿಗೇ ಹಾಕಿಕೊಳ್ಳಲಿಲ್ಲ. ಪ್ರಿಂಟು ಕೊಡಿ ಎಂದು ಕೈ ಚಾಚಿದರು. ಬೆರಳಿಟ್ಟು, ತುಟಿ ಆಡಿಸುತ್ತ, ಒಂದೊಂದೇ ಸಾಲು ಓದಿದರು. ಎರಡು ಹನ್ನೊಂದರ ಸಾಲಿನಲ್ಲಿ ಬೆರಳು ನಿಂತಿತು. ಜಾತಕದ ಪುಸ್ತಕ ಎಳೆದುಕೊಂಡು ಮೊದಲ ಪುಟದ ಅಳತೆಯೊಂದಿಗೆ ತಾಳೆ ನೋಡಿದರು.

“ತೋಟದ್ ಮೇಲೇ ಮನೆ ಕಟ್ಬುಟ್ರಲ್ಲ ಮೇಡಂ.”

ನಗು ಬರುವುದರಲ್ಲಿತ್ತು, ಇಬ್ಬರೂ ನಗಲಿಲ್ಲ. ಮೇನ್ಸ್ ಆರಿಸಬೇಡಿ ಎಂದು ನಾನು ಅವತ್ತು ಹೇಳಿದ್ದೆನೇ ಎಂದು ಕೇಳಿದೆ.

“ನಂಗೂ ನೆಪ್ಪಿಲ್ಲ. ಹೇಳ್ದೆ ಅಂತ ಸಾಹೇಬ್ರ ಮುಂದೆ ಅಂದ್ರಲ್ಲ, ಹೇಳಿರ್ಬೇಕು, ನಂಗೇ ಕೇಳ್ಸಿಲ್ಲ ಅಂದ್ಕೊಂಡೆ. ಓದ್ದೋರು ನೀವು.”

ಲಾಗು ಯಂತ್ರ ಮಾಡಿದ್ದನ್ನು ಬರೆದಿತ್ತೇ ಹೊರತು ನಾನು ಬಾಗಿಲಲ್ಲಿ ಏನು ಹೇಳಿದೆ ಎಂಬುದನ್ನಲ್ಲ.

ಪ್ರಾಂಶುಪಾಲರಿಗೆ ಎಲ್ಲ ಹೇಳಿದ್ದೇನೆ, ಮಕ್ಕಳಿಗೂ ನಾಳೆ ಹೇಳುತ್ತೇನೆ ಎಂದೆ. ಅಕ್ಕ ಪೆನ್ನು ತೆಗೆದು ಪುಸ್ತಕದ ಮೇಲಿಟ್ಟು ನನ್ನ ಕಡೆ ತಳ್ಳಿದರು.

“ಬಾಯಲ್ಲಿ ಹೇಳಿದ್ದು ನೀವೂ ಮರೀತೀರ, ನಾನೂ ಮರೀತೀನಿ. ಇಲ್ಲಿ ಬರೀರಿ.”

ಬರೆದೆ. ತಪ್ಪು ಪಾಲನ್ನು ಆಯ್ಕೆ ಮಾಡಿ ಫಾರ್ಮ್ಯಾಟ್ ಮಾಡಿದವಳು ನಾನು, ಹೊತ್ತು ಎರಡು ಹನ್ನೊಂದು, ಪುಸ್ತಕ ನೋಡಿರಲಿಲ್ಲ, ಬೇರೆಯವರ ಮೇಲೆ ಹಾಕಿದೆ. ಕೆಳಗೆ ಸಹಿ. ಅವರು ಓದಿ, ಪೆನ್ನು ಇಸಿದುಕೊಂಡು ನನ್ನ ಸಹಿಯ ಕೆಳಗೆ ತಾವೂ ಒಂದು ಸಾಲು ಬರೆದರು: ಐದು ಗಂಟೆಗೆ ಪರದೆ ನೋಡದೆ ಮೇನ್ಸ್ ಆರಿಸಿದೆ. ಅದರ ಅಗತ್ಯವಿಲ್ಲ, ಅದರಿಂದ ಏನೂ ಆಗಲಿಲ್ಲವಲ್ಲ ಎಂದೆ. ಆರಿಸಿದ್ದು ನಿಜ ತಾನೇ ಎಂದರು.

ಸಭೆಯಲ್ಲಿ ಅವರ ಹೆಸರು ಒಪ್ಪಿಗೆಯಾಯಿತು. ಆದರೆ ಅದಕ್ಕೂ ಮೊದಲು, ಡಿಸ್ಕು ಅಂಗಡಿಯಿಂದ ಬಂದ ದಿನವೇ, ಸರ್ವರಿಗೆ ಮತ್ತೆ ಸಿಸ್ಟಂ ಹಾಕಬೇಕಿತ್ತು. ನಾನು ಅಭ್ಯಾಸದಂತೆ ಮುಂದಿನ ಕುರ್ಚಿಗೆ ಹೋದೆ. ಅಕ್ಕ ಬಂದು ಪಕ್ಕದಲ್ಲಿ ನಿಂತರು. ಎದ್ದೆ. ಅವರು ಕೂತರು. ಅವರು ಯಂತ್ರ ಮುಟ್ಟಿ ಒಂದು ತಿಂಗಳಾಗಿತ್ತು. ಯಾವ ಪಾಲಿಗೆ ಹಾಕಲಿ ಎಂದು ಪರದೆ ಕೇಳಿದಾಗ ಕೈ ನಿಲ್ಲಿಸಿ, ಜಾತಕದ ಪುಸ್ತಕವನ್ನು ನನ್ನ ಕೈಗೆ ಕೊಟ್ಟರು. ಪರದೆಯ ಮೇಲಿದ್ದ ಅಳತೆಯನ್ನು ಜೋರಾಗಿ ಓದಿದರು.

“ನಿಮ್ದು ಓದಿ ಮೇಡಂ,” ಎಂದರು.

ನನಗೆ ಆ ಸಂಖ್ಯೆ ಬಾಯಿಪಾಠವಿತ್ತು. ಆದರೂ ಪುಟದ ಮೇಲೆ ಬೆರಳಿಟ್ಟು, ಒಂದೊಂದೇ ಅಂಕಿ ನೋಡಿ ಓದಿದೆ. ನಾನು ಕೊನೆಯ ಅಂಕಿ ಹೇಳಿ ಮುಗಿಸುವವರೆಗೆ ಅವರು ಕಾದರು. ಆಮೇಲೆ ಒತ್ತಿದರು.