ಎರಡು ಹೆಸರಿನ ತಾಯಿ ಕಾರ್ಡು

ನನ್ನ ಮೊಮ್ಮಗಳ ಎದೆಯ ತೂತು ಮುಚ್ಚಿದೆ. ಇನ್ನು ಈ ಹುಡುಗಿ ಓಡಬಹುದು, ಕುಣಿಯಬಹುದು ಎಂದು ಹುಬ್ಬಳ್ಳಿಯ ಡಾಕ್ಟರು ಇವತ್ತು ಬಾಯಿತುಂಬ ಹೇಳಿದರು. ಹಳಿಯಾಳದ ಬಸ್ ಸ್ಟ್ಯಾಂಡಿನಲ್ಲಿ ಇಳಿದವಳೇ ಗುರುತಿದ್ದವರಿಗೂ ಇಲ್ಲದವರಿಗೂ ಹೇಳಿಬಿಟ್ಟೆ. ನಾನು ನಾಲ್ಕನೇ ಇಯತ್ತೆ ಕಲಿತವಳು. ತಪ್ಪಾದರೆ ಆಗಲಿ, ಬರೆಯದೆ ಇರಲಾರೆ.

ತೂತು ಕಂಡುಹಿಡಿದವರು ನಾವಲ್ಲ. ಅಂಗನವಾಡಿಯ ಮಕ್ಕಳನ್ನು ನೋಡಲು ಸರ್ಕಾರದ ಡಾಕ್ಟರು ಬಂದಿದ್ದರು. ಉಳಿದ ಮಕ್ಕಳ ಎದೆಗೆ ಒಂದೊಂದು ಸಲ ನಳಿಗೆ ಇಟ್ಟವರು ನಮ್ಮವಳಿಗೆ ಮೂರು ಸಲ ಇಟ್ಟರು. ಆಡಿದಾಗ ತುಟಿ ನೀಲಿಯಾದರೆ ನಾನು ಥಂಡಿ ಎಂದುಕೊಂಡು ಕುಂಚಿಗೆ ಕಟ್ಟುತ್ತಿದ್ದೆ. ರೇಷನ್ ಕಾರ್ಡಿನ ಮೇಲೆ ಆಪರೇಷನ್ ಪುಕ್ಕಟೆ ಆಗುತ್ತದೆ ಎಂದರು. ಹಿಂದಿನ ಕಾಲವಾಗಿದ್ದರೆ ಹೊಲ ಹೋಗುತ್ತಿತ್ತು, ಇಲ್ಲವೇ ಮಗು.

ಆಪರೇಷನ್ನಿನ ಹಿಂದಿನ ದಿನ ಮಧ್ಯಾಹ್ನ, ಆಸ್ಪತ್ರೆಯಲ್ಲಿ ಕಾಗದ ನೋಡುವ ಹುಡುಗಿ ನನ್ನ ಮಗನನ್ನು ಬಿಟ್ಟು ನನ್ನ ಮುಖ ನೋಡಿದಳು.

"ಆಯಿ, ನಿಮ್ಮ ಮಗಗ ಇಬ್ಬರು ಹೆಂಡ್ರೇನ್ರಿ?"

ತಪ್ಪು ನನ್ನದೇ. ನಮ್ಮಲ್ಲಿ ಮದುವೆಯ ದಿನ ತಾಟಿನಲ್ಲಿ ಅಕ್ಕಿ ಹರವಿ, ಮಗನ ಕೈಯಿಂದ ಉಂಗುರದಲ್ಲಿ ಸೊಸೆಯ ಹೊಸ ಹೆಸರು ಬರೆಸುತ್ತೇವೆ. ಆ ಹೆಸರು ಆರಿಸಿದವಳು ನಾನು. ಆಧಾರ್, ರೇಷನ್ ಕಾರ್ಡು ಎಲ್ಲದರಲ್ಲೂ ಹಟ ಹಿಡಿದು ಅದನ್ನೇ ಹಾಕಿಸಿದ್ದೆ. ಚೊಚ್ಚಲ ಹೆರಿಗೆ ಮುಂಡಗೋಡದ ಕಡೆ, ಅವಳ ತವರು ಸನವಳ್ಳಿಯಲ್ಲಿ ಆಯಿತು. ಮಗುವಿನ ಜನನ ಪತ್ರಕ್ಕೆ ಅವಳ ಅಪ್ಪ ಶಾಲೆಯ ದಾಖಲೆ ತೋರಿಸಿ ಹಳೆಯ ಹೆಸರು ಕೊಟ್ಟಿದ್ದರು. ಪತ್ರದಲ್ಲಿ ಒಬ್ಬ ತಾಯಿ, ರೇಷನ್ ಕಾರ್ಡಿನಲ್ಲಿ ಇನ್ನೊಬ್ಬಳು.

ಇಬ್ಬರೂ ಒಬ್ಬಳೇ ಎಂದು ತೋರಿಸುವ ಸರ್ಕಾರಿ ಕಾಗದ ಐದು ಗಂಟೆಯೊಳಗೆ ಬೇಕು, ಬಾರದಿದ್ದರೆ ನಾಳೆಯ ಪಾಳಿ ಬೇರೆ ಮಗುವಿಗೆ ಹೋಗುತ್ತದೆ ಎಂದಳು. ಆಗಲೇ ಮೂರೂವರೆ. ಮೊಮ್ಮಗಳು ತಾಯಿಯ ತೊಡೆಯ ಮೇಲೆ ಮಲಗಿದ್ದಳು, ಉಗುರುಗಳು ಶಾಯಿ ಹತ್ತಿದ ಹಾಗೆ. ಸೊಸೆ ಆ ಉಗುರುಗಳನ್ನು ಸೆರಗಿನಿಂದ ಒರೆಸುತ್ತಿದ್ದಳು. ನನ್ನನ್ನು ಬೈದಿದ್ದರೆ ಹಗುರಾಗುತ್ತಿತ್ತು.

ಆಗ ತಾಯಿ ಕಾರ್ಡು ನೆನಪಾಯಿತು. ಸೊಸೆ ಬಸುರಿದ್ದಾಗ ನಮ್ಮೂರಿನ ಆಶಾ ಕಾರ್ಯಕರ್ತೆ ಮನೆಗೆ ಬಂದು ಬರೆದುಕೊಟ್ಟ ಸರ್ಕಾರಿ ಕಾರ್ಡು. ಹೆರಿಗೆ ತವರಿನಲ್ಲಿ ಆಗುವುದು, ಅಲ್ಲಿಯವರಿಗೆ ಹಳೆಯ ಹೆಸರೇ ಗೊತ್ತು, ಎರಡೂ ಇರಲಿ ಎಂದು ಅವಳು ಎರಡನ್ನೂ ಬರೆದಿದ್ದಳು. ನಮ್ಮ ಮನೆಯಲ್ಲಿ ಒಂದೇ ಹೆಸರು ಎಂದು ನಾನು ಅವತ್ತು ಅವಳನ್ನು ಚಹಾ ಕೂಡ ಕೊಡದೆ ಕಳಿಸಿದ್ದೆ.

ಕಾರ್ಡು ಮನೆಯ ಟ್ರಂಕಿನಲ್ಲಿ. ಕೀಲಿಕೈ ಹುಬ್ಬಳ್ಳಿಯಲ್ಲಿ, ನನ್ನ ಸೊಂಟದಲ್ಲಿ.

ನಮ್ಮ ಮನೆಯವರಿಗೆ ಫೋನ್ ಹಚ್ಚಿದೆ. "ಟ್ರಂಕಿನ ಕೀಲಿ ಒಡೀರಿ" ಅಂದೆ.

"ಇಷ್ಟ ವರ್ಷ ಕೈ ಹಚ್ಚಗೊಡಲಿಲ್ಲ, ಈಗ ಒಡೀರಿ ಅಂತಿ?"

"ಹುಡುಗಿ ಜೀವದ ಮ್ಯಾಲೆ ಬಂದೈತಿ. ಒಡೀರಿ."

ಅವರ ಫೋನಿನಲ್ಲಿ ಫೋಟೋ ಬರುವುದಿಲ್ಲ. ಆಶಾ ಕಾರ್ಯಕರ್ತೆಯನ್ನೇ ಕರೆಯಬೇಕು. ಬರುತ್ತಾಳೋ ಇಲ್ಲವೋ ಎಂದುಕೊಳ್ಳುತ್ತಲೇ ಮನೆಯವರನ್ನು ಅವಳ ಬಾಗಿಲಿಗೆ ಕಳಿಸಿದೆ. ನಾಲ್ಕೂವರೆಯಾಯಿತು. ಮಗ ಫೋನು ಹಿಡಿದು ಕಿಟಕಿಯಿಂದ ಬಾಗಿಲಿಗೆ, ಬಾಗಿಲಿಂದ ಕಿಟಕಿಗೆ ಓಡಾಡಿದ. ಐದಕ್ಕೆ ಹದಿನೈದು ನಿಮಿಷ ಇದ್ದಾಗ ಫೋಟೋ ಬಂತು. ಜೊತೆಗೆ ಅವಳ ದನಿ: "ಆಯಿಗ ಹೇಳ್ರಿ, ಬಂದ ಮ್ಯಾಲೆ ಆ ಚಹಾ ಕುಡೀತೇನಿ ಅಂತ."

ಕಾಗದದ ಹುಡುಗಿ ಫೋನು ಹಿಡಿದು ಒಳಗೆ ಹೋದಳು. ಬಾಗಿಲು ಮುಚ್ಚಿತು. ನಾನು ಸೊಸೆಯ ಕೈ ಹಿಡಿದೆ. ಅವಳು ಬಿಡಿಸಿಕೊಳ್ಳಲಿಲ್ಲ. ಹೊರಗೆ ಬಂದವಳು ಕಾಗದದ ಮೇಲೆ ಸಿಕ್ಕೆ ಒತ್ತಿ, "ಬೆಳಿಗ್ಗೆ ಉಪವಾಸ ಇಡ್ರಿ ಹುಡುಗಿನ್ನ" ಎಂದಳು.

ಇವತ್ತು ಸಂಜೆ ಗೋಧಿ ಹುಗ್ಗಿ ಮಾಡಿದೆವು. ಆಶಾ ಕಾರ್ಯಕರ್ತೆಗೆ ಮೊದಲು ಚಹಾ, ಆಮೇಲೆ ತಾಟು. ಎಲ್ಲರೂ ಸಾಲಾಗಿ ಕೂತರು, ಸೊಸೆ ಮಾತ್ರ ಒಲೆಯ ಹತ್ತಿರ ನಿಂತಿದ್ದಳು. ನಾನು ಅವಳನ್ನು ತವರಿನ ಹೆಸರು ಹಿಡಿದು ಊಟಕ್ಕೆ ಕರೆದೆ.

ಮನೆಯವರ ಕೈ ಬಾಯಿಯ ಹತ್ತಿರವೇ ನಿಂತಿತು. ಮೊಮ್ಮಗಳು ಅತ್ತಿತ್ತ ನೋಡಿ ಕೇಳಿದಳು: "ಯಾರಿಗೆ ಕರದಿ ಆಯಿ?"

"ನಿಮ್ಮವ್ವಗ" ಅಂದೆ.

ಸೊಸೆ ಬಂದು ನನ್ನ ಪಕ್ಕದಲ್ಲೇ ಕೂತಳು. ನಾನು ಅವಳ ಹುಗ್ಗಿಗೆ ತುಪ್ಪ ಹಾಕಿದೆ. ಕೆಂಪು ತುಟಿಯ ಹುಡುಗಿ ತನಗೂ ಬೇಕೆಂದು ತಾಟು ಬಡಿಯುತ್ತಿದ್ದಳು.